ಸೂಜಿ ಮೊದಲೋ, ಹೊಟ್ಟೆ ಮೊದಲೋ

ಮಾಕಳಿ ಆಂಬುಲೆನ್ಸ್ ಪಾಯಿಂಟ್
ಮಂಗಳವಾರ, 4 ಫೆಬ್ರವರಿ 2025

ವೇದಿಕೆಯ ಮೇಲಿರುವ ಗಣ್ಯರೇ, ಸ್ಟ್ರೆಚರಿನ ಮೇಲಿರುವ ಮಾನ್ಯರೇ, ತುಮಕೂರು ರಸ್ತೆಯ ಸಿಗ್ನಲ್ಲಿನಲ್ಲಿ ಹೋದ ಚುನಾವಣೆಯಿಂದ ನಿಂತೇ ಇರುವ ಸಮಸ್ತ ವಾಹನ ಬಾಂಧವರೇ, ಸೈರನ್ ಕೇಳಿದ ಕೂಡಲೇ ಆಂಬುಲೆನ್ಸಿನ ಬಾಲ ಹಿಡಿದು ಬಂದು ಪುಕ್ಕಟೆ ದಾರಿ ಮಾಡಿಕೊಳ್ಳುವ ಬೈಕ್ ವೀರರೇ! ಮುನಿಕೃಷ್ಣ, ಬಿ.ಎ., ಕನ್ನಡ ಮಾಧ್ಯಮ, ವಯಸ್ಸು ನಲವತ್ತಾರು, ವೃತ್ತಿ ಆಂಬುಲೆನ್ಸ್ ಚಾಲನೆ, ಪ್ರವೃತ್ತಿ ಪ್ರಾಸ ಪಾಲನೆ: ಇಂಥ ನಾನು ತಮ್ಮೆಲ್ಲರ ಸಮ್ಮುಖದಲ್ಲಿ ಸವಿನಯವಾಗಿ ನಿವೇದಿಸುವುದೇನೆಂದರೆ, ಮೊನ್ನೆ ಶನಿವಾರ ನಾನೊಂದು ಹೆರಿಗೆಯನ್ನು ಕಣ್ಣು ತೆರೆದುಕೊಂಡು ನೋಡಿದೆ. (ಚಪ್ಪಾಳೆ.)

ಪಂಕಜಾ ಮೇಡಂ, ನಮಸ್ಕಾರ. ಸಭೆ ಮುಗಿಯಿತು. ಇನ್ನು ಮುಂದಿನದು ನಿಮಗೆ.

ಪೀಣ್ಯದ ಹೆರಿಗೆ ತರಬೇತಿಯ ಕೊನೆಯ ದಿನ ನೀವು ಹೇಳಿದ್ದನ್ನು ಮರೆತಿಲ್ಲ. "ಒಂದೊಂದು ಹೆರಿಗೆ ಕೇಸಿಗೂ ನನಗೊಂದು ಕಾಗದ ಬರೀಬೇಕು. ಟೆಕ್ನಿಷಿಯನ್ ಬೇರೆ, ಡ್ರೈವರ್ ಬೇರೆ. ಫೋನ್ ಬೇಡ. ಫೋನಲ್ಲಿ ಎಲ್ರೂ 'ಎಲ್ಲಾ ಓಕೆ ಮೇಡಂ' ಅಂತೀರಿ. ಕಾಗದದಲ್ಲಿ ನಾಲ್ಕನೇ ಸಾಲಿಗೆ ನಿಜ ತಾನಾಗೇ ಆಚೆ ಬರುತ್ತೆ." ಅದಕ್ಕೇ ಇದನ್ನು ಔಷಧಿ ವ್ಯಾನಿನ ಚಿಕ್ಕಬೈರಪ್ಪನ ಕೈಗೆ ಕೊಡುತ್ತಿದ್ದೇನೆ. ಅವನು ಮಂಗಳವಾರ ಮಂಗಳವಾರ ಬೆಳಿಗ್ಗೆ ನಿಮ್ಮ ಕಡೆಯಿಂದ ಹೊರಟು, ಎಲ್ಲ ಪಾಯಿಂಟಿಗೂ ಹತ್ತಿ, ಗ್ಲೌಸು, ಇಂಜೆಕ್ಷನ್ ಹಂಚಿಕೊಂಡು ಸಂಜೆಗೆ ಮತ್ತೆ ನಿಮ್ಮ ಸಿಂಗಸಂದ್ರ ಸೇರುತ್ತಾನೆ. ನಮಗೂ ನಿಮಗೂ ನಡುವೆ ಇಡೀ ಬೆಂಗಳೂರು ಅಡ್ಡ ಮಲಗಿದೆ. ಅಂಚೆಗೆ ಹಾಕಿದ ಕಾಗದ ಇದಕ್ಕಿಂತ ಬೇಗ ಹುಬ್ಬಳ್ಳಿ ಮುಟ್ಟುತ್ತದೆ.

ಕೇಸು ಹೀಗೆ. ಪ್ಯಾಕಿಂಗ್ ಫ್ಯಾಕ್ಟರಿಯ ಹುಡುಗಿ, ಚೊಚ್ಚಲು. ಜೊತೆಗೆ ಅತ್ತೆ ಅಂಜಿನಮ್ಮ. ಮಾದನಾಯಕನಹಳ್ಳಿ ದಾಟುವ ಮೊದಲೇ ಹಿಂದಿನಿಂದ ನಮ್ಮ ಟೆಕ್ನಿಷಿಯನ್ ಈರೇಶ್ ಕೂಗಿದ, "ಅಣ್ಣಾ, ತಲಿ ಕಾಣಾಕತ್ತೈತಿ!" ಹಳೆಯ ಮುನಿಕೃಷ್ಣನಾಗಿದ್ದರೆ ಆಕ್ಸಿಲರೇಟರ್ ಒತ್ತುತ್ತಿದ್ದ. ನಿಮ್ಮ ಶಿಷ್ಯ ಮುನಿಕೃಷ್ಣ ಸರ್ವಿಸ್ ರಸ್ತೆಯಲ್ಲಿ ಗಾಡಿ ಪಕ್ಕಕ್ಕೆ ಹಾಕಿದ.

ಅಂಜಿನಮ್ಮ ನನ್ನ ಮೇಲೆ ಹರಿಹಾಯ್ದಳು. "ಯಾಕಪ್ಪಾ ನಿಲ್ಸ್‌ಬುಟ್ಟೆ? ಇಂಗೆ ರೋಡಲ್ಲಿ ಎರ್ತಾಳಾ ನನ್ ಸೊಸೆ? ಓಡ್ಸಪ್ಪಾ!"

"ಅಮ್ಮಾ, ಓಡೋ ಗಾಡೀಲಿ ಮಗು ಜಾರಿದ್ರೆ ಹಿಡಿಯೋರ್ಯಾರು? ಹಿಂದೆ ಇರೋನು ಅವನೊಬ್ನೇ, ಅವನಿಗೂ ಎರಡೇ ಕೈ. ನಾನೂ ಬರ್ತೀನಿ ಸುಮ್ನಿರಿ" ಎಂದು ಹಿಂದಿನ ಬಾಗಿಲು ತೆಗೆದು, ಟವೆಲ್ ಹಿಡಿದು ನಿಂತೆ. ತರಬೇತಿಯಲ್ಲಿ ನಿಮ್ಮ ರಬ್ಬರ್ ಗೊಂಬೆಯ ಮುಂದೆ ನಾನು ಕಣ್ಣು ಮುಚ್ಚಿದ್ದಕ್ಕೆ "ಗಾಡೀನೂ ಹೀಗೇ ಓಡಿಸ್ತೀರೇನ್ರೀ?" ಅಂದಿದ್ದಿರಲ್ಲ, ಈ ಸಲ ರೆಪ್ಪೆ ಬಡಿಯಲಿಲ್ಲ. ಹೆಣ್ಣು ಮಗು. ತಾಯಿ, ಮಗು, ಅತ್ತೆ, ಡ್ರೈವರ್, ಎಲ್ಲರೂ ಕ್ಷೇಮ.

ಇನ್ನೊಂದು ಸುದ್ದಿ. ನಿಮ್ಮ ಹದಿನೆಂಟು ಪುಟದ ಕೈಪಿಡಿ ನಮ್ಮವರಿಗೆ ತಲೆಗೆ ಹತ್ತುತ್ತಿರಲಿಲ್ಲ. ಪ್ರಾಸವಿದ್ದರೆ ತ್ರಾಸವಿಲ್ಲ ಎಂದು ನಾಲ್ಕು ಸಾಲು ಕಟ್ಟಿ ಗ್ರೂಪಿಗೆ ಹಾಕಿದೆ. ಹನ್ನೊಂದು ಆಂಬುಲೆನ್ಸಿನವರೂ ಬಾಯಿಪಾಠ ಮಾಡಿದ್ದಾರೆ. ನೆಲಮಂಗಲದ ಮುನಿರಾಜು ಅದನ್ನು ಸ್ಟಿಕ್ಕರ್ ಮಾಡಿಸಿ ಗಾಡಿಗಳಿಗೆಲ್ಲ ಅಂಟಿಸಿದ್ದಾನೆ.

ತಲೆ ಕಂಡರೆ ಗಾಡಿ ಪಕ್ಕಕೆ ಹಾಕು,
ಆಸ್ಪತ್ರೆ ಮುಟ್ಟುವ ಹಟವಿನ್ನು ಸಾಕು;
ಒರೆಸಿ ಕೂಸನು ತಾಯೆದೆಗೆ ಕೊಟ್ಟು,
ಸೂಜಿಯ ಚುಚ್ಚು, ಆಮೇಲೆ ಹೊಟ್ಟೆ ಮುಟ್ಟು.

ಹೇಗಿದೆ ಮೇಡಂ? ಸಂಕೋಚವಿಲ್ಲದೆ ಹೊಗಳಿ.

ಇಂತಿ ನಿಮ್ಮ ವಿಧೇಯ,
ಮುನಿಕೃಷ್ಣ


ಸಿಂಗಸಂದ್ರ
11 ಫೆಬ್ರವರಿ 2025

ಮುನಿಕೃಷ್ಣ ಅವರೇ,

ನಿಮ್ಮ ಕಾಗದವನ್ನು ನಮ್ಮ ಯಜಮಾನರು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದರು. ಸಾರು ಆರಿಹೋಯಿತು. ಗಾಡಿ ನಿಲ್ಲಿಸಿದ್ದು ಸರಿ, ಹಿಂದೆ ಹೋಗಿ ನಿಂತದ್ದು ಇನ್ನೂ ಸರಿ. ಡ್ರೈವರುಗಳಿಗೂ ಈ ತರಬೇತಿ ಬೇಕೆಂದು ನಾನು ಹಟ ಹಿಡಿದದ್ದು ಇದಕ್ಕೇ.

ಇನ್ನು ನಗದೆ ಓದಿ. ನಾಲ್ಕನೇ ಸಾಲು ತಪ್ಪು.

ಮಗು ಹುಟ್ಟಿದ ಮೇಲೆ ಮೊದಲು ಹೊಟ್ಟೆ ಮುಟ್ಟಬೇಕು. ಒಳಗೆ ಇನ್ನೊಂದು ಮಗು ಇಲ್ಲ ಎಂದು ಖಾತ್ರಿಯಾದ ಮೇಲೆ ಸೂಜಿ. ಆ ಸೂಜಿ ಇರುವುದು ಗರ್ಭಕೋಶ ಮುಷ್ಟಿಯ ಹಾಗೆ ಬಿಗಿದು ರಕ್ತ ನಿಲ್ಲಲಿ ಎಂದು. ಒಳಗೆ ಇನ್ನೊಂದು ಮಗು ಇದ್ದರೆ ಆ ಮುಷ್ಟಿಯೊಳಗೆ ಸಿಕ್ಕುವುದು ಅದು. ಕೈಪಿಡಿಯ ಒಂಬತ್ತನೇ ಪುಟದಲ್ಲಿ ಇದೇ ಕ್ರಮವಿದೆ. ನೀವು ಪ್ರಾಸಕ್ಕಾಗಿ ಹಿಂದುಮುಂದು ಮಾಡಿದ್ದೀರಿ.

ಇವತ್ತೇ ತಿದ್ದಿ ಎಲ್ಲರಿಗೂ ಕಳಿಸಿ. ಸ್ಟಿಕ್ಕರುಗಳನ್ನು ಕೀಳಿಸಿ.

ಪಂಕಜಾ


ಮಾಕಳಿ
18 ಫೆಬ್ರವರಿ 2025

ಪಂಕಜಾ ಮೇಡಂ ಅವರಿಗೆ ನಮಸ್ಕಾರ.

ತಪ್ಪು ಒಪ್ಪಿದೆ. ತಲೆ ಬಾಗಿದೆ. ಆದರೆ ಪದ್ಯಕ್ಕೂ ಒಂದು ಹೆರಿಗೆ ಇದೆ ಮೇಡಂ, ನೋವಿಲ್ಲದೆ ಆಗುವುದಿಲ್ಲ. ಹೊಟ್ಟೆ ಮೊದಲು ಬಂದರೆ ಸಾಲು "ಚುಚ್ಚು" ಎಂದು ಮುಗಿಯುತ್ತದೆ. ಒಂದು ವಾರ ಸ್ಟೀರಿಂಗ್ ಹಿಡಿದು ಅದಕ್ಕೆ ಜೋಡಿ ಹುಡುಕಿದೆ. ಸಿಕ್ಕಿದ್ದು: ಹುಚ್ಚು, ಕಿಚ್ಚು, ಮಚ್ಚು. ಹೆರಿಗೆಗೆ ಮಚ್ಚು ತಂದರೆ ಆಂಬುಲೆನ್ಸಿನ ಜೊತೆ ಪೊಲೀಸ್ ಜೀಪೂ ಬರುತ್ತದೆ.

ಸುಮ್ಮನೆ ಕುಂಟುವ ಸಾಲು ಕಳಿಸಿದರೆ ಯಾರೂ ನೆನಪಿಡುವುದಿಲ್ಲ. ಈಗ ನೋಡಿ, ಈರೇಶ್ ಗಾಡಿ ತೊಳೆಯುವಾಗಲೂ ಅದನ್ನೇ ಗುನುಗುತ್ತಾನೆ. ಮುನಿರಾಜು ಫೋನಿನ ರಿಂಗ್‌ಟೋನ್ ಅದೇ. ಯುಗಾದಿ ಕಾರ್ಯಕ್ರಮದಲ್ಲಿ ವೇದಿಕೆಯಲ್ಲಿ ಹೇಳಬೇಕೆಂದು ಸೂಪರ್‌ವೈಸರ್ ಕೇಳಿದ್ದಾರೆ. ಮೂವತ್ತು ವರ್ಷದಿಂದ ಪ್ರಾಸ ಕಟ್ಟುತ್ತಿದ್ದೇನೆ, ಮನೆಯಲ್ಲಿ ನನ್ನ ಹೆಂಡತಿ "ಅಕ್ಕಿ ತಂದ್ರಾ?" ಎಂದಷ್ಟೇ ಕೇಳಿದ್ದಾಳೆ. ಈಗ ಮೊದಲ ಸಲ ಜನ ನನ್ನ ಸಾಲು ಹೇಳುತ್ತಿದ್ದಾರೆ.

ಮತ್ತೆ, ಈಗ ಎಲ್ಲ ಬಸುರಿಯರಿಗೂ ಸ್ಕ್ಯಾನ್ ಆಗಿರುತ್ತದಲ್ಲವೇ? ಅವಳಿ ಇದ್ದರೆ ಮೊದಲೇ ಗೊತ್ತಿರುತ್ತದೆ. ಒಂದೆರಡು ವಾರ ಕೊಡಿ. ಒಳ್ಳೆಯ ಸಾಲೇ ಹುಟ್ಟುತ್ತದೆ.

ನಿಮ್ಮ ವಿಧೇಯ,
ಮುನಿಕೃಷ್ಣ


ಸಿಂಗಸಂದ್ರ
25 ಫೆಬ್ರವರಿ 2025

ಮುನಿಕೃಷ್ಣ ಅವರೇ,

ಒಂದೆರಡು ವಾರ ಕೊಡಲು ನಾನ್ಯಾರು? ಬಸುರಿಯರನ್ನು ಕೇಳಿ.

ಸ್ಕ್ಯಾನ್ ಎಂದಿರಿ. ನಿಮ್ಮ ಮಾಕಳಿಯ ಕೂಲಿ ಶೆಡ್ಡುಗಳಲ್ಲಿ ಸ್ಕ್ಯಾನ್ ವಿವರವಿರುವ ತಾಯಿ ಕಾರ್ಡನ್ನು ಊರಲ್ಲೇ ಬಿಟ್ಟು ಬಂದ ಹೆಂಗಸರು ಎಷ್ಟು ಜನ ಇದ್ದಾರೆ, ಒಂದು ದಿನ ಇಳಿದು ವಿಚಾರಿಸಿ. ಕಾರ್ಖಾನೆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ಮೂವತ್ತೊಂದು ವರ್ಷ ಇದ್ದೆ. ಅಲ್ಲಿ ಡಾಕ್ಟರಿದ್ದರು, ಲೈಟಿತ್ತು, ಪಕ್ಕದಲ್ಲೇ ಆಪರೇಷನ್ ಕೋಣೆ ಇತ್ತು. ಆದರೂ ಒಂದು ಸಲ ಹೀಗಾಯಿತು. ಸೂಜಿ ಕೊಟ್ಟದ್ದು ನನ್ನ ಜೊತೆಯವಳು, ನನಗಿಂತ ಚುರುಕು. ಮುಂದಿನದು ಬರೆಯುವುದಿಲ್ಲ. ಅವಳು ಆಮೇಲೆ ಹೆರಿಗೆ ವಾರ್ಡಿಗೆ ಬರಲೇ ಇಲ್ಲ, ಕಣ್ಣಿನ ವಿಭಾಗ ಕೇಳಿಕೊಂಡು ಹೋದಳು.

ನನಗೆ ಪ್ರಾಸಗೀಸ ಬರುವುದಿಲ್ಲ. ಆದರೂ ನಿನ್ನೆ ಬಟ್ಟೆ ಒಣಹಾಕುವಾಗ ಇದು ಬಂತು. ಸರಿಯಿಲ್ಲದಿದ್ದರೆ ನಕ್ಕುಬಿಡಿ, ಆದರೆ ಕಳಿಸಿ.

ಒರೆಸಿ ಕೂಸನು ಎದೆಗಿಟ್ಟು ಮುಚ್ಚು,
ಹೊಟ್ಟೆ ಮುಟ್ಟಿ ನೋಡಿ, ಸೂಜಿಯ ಚುಚ್ಚು.

"ಮುಚ್ಚು" ಹಾಕಿದ್ದರಿಂದ ಮಗುವನ್ನು ಬೆಚ್ಚಗಿಡುವುದೂ ನೆನಪಿರುತ್ತದೆ, ಅಲ್ಲವೇ? ನೀವು ಅದನ್ನು ಬಿಟ್ಟಿದ್ದಿರಿ.

ಪಂಕಜಾ


ಮಾಕಳಿ
4 ಮಾರ್ಚ್ 2025

ಮಾನ್ಯ ಮೇಡಂ,

ತಮ್ಮ ದಿನಾಂಕ 25ರ ಕಾಗದ ತಲುಪಿತು. ತಿದ್ದುಪಡಿಯಾದ ಪದ್ಯವನ್ನು ಹನ್ನೊಂದು ಗಾಡಿಗಳಿಗೂ ಕಳಿಸಲಾಗಿದೆ. ಈ ವಾರ ಹೆರಿಗೆ ಕೇಸು ಇರುವುದಿಲ್ಲ.

ಇಂತಿ,
ಮುನಿಕೃಷ್ಣ


ಸಿಂಗಸಂದ್ರ
11 ಮಾರ್ಚ್ 2025

ಮುನಿಕೃಷ್ಣ ಅವರೇ,

ಕಳಿಸಿದಿರಿ ಎಂದು ಓದಿ ಎದೆಯ ಭಾರ ಇಳಿಯಿತು. ಆದರೆ ನಿಮ್ಮ ಕಾಗದ ಇಷ್ಟು ಗಿಡ್ಡವಾದದ್ದು ಇದೇ ಮೊದಲು. "ಏನೇ ಇದು, ಆಂಬುಲೆನ್ಸ್ ಕವಿ ತಹಸೀಲ್ದಾರ ಆಗ್ಬಿಟ್ನಲ್ಲ" ಎಂದರು ನಮ್ಮ ಯಜಮಾನರು. ನನ್ನ ಮಾತು ಗಡುಸಾಯಿತೇನೋ. ವಾರ್ಡಿನಲ್ಲಿ ಕೂಗಿ ಕೂಗಿ ಬೆಳೆದ ಗಂಟಲು, ಕಾಗದದಲ್ಲೂ ಹಾಗೇ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಮುಂದಿನ ತಂಡದ ತರಬೇತಿ ಪೀಣ್ಯದಲ್ಲಿ 27ಕ್ಕೆ. ನೀವು ಬಂದು ಪದ್ಯ ಹೇಳಿಕೊಡಬೇಕು. ನಿಮ್ಮ ಹೆಸರಿನಲ್ಲೇ. ನನ್ನ ಆ ಎರಡು ಸಾಲಿನ ಮಾತು ಎತ್ತಬೇಕಿಲ್ಲ.

ಪಂಕಜಾ


ಸಿಂಗಸಂದ್ರ
25 ಮಾರ್ಚ್ 2025

ಮುನಿಕೃಷ್ಣ ಅವರೇ,

ಎರಡು ಮಂಗಳವಾರ ಚಿಕ್ಕಬೈರಪ್ಪ ನಿಮ್ಮ ಪಾಯಿಂಟಿನಿಂದ ಬರಿಗೈಯಲ್ಲಿ ಬಂದ. "ಮುನಿಕೃಷ್ಣಣ್ಣ ಗಾಡಿ ಕೆಳಗೆ ಮಲ್ಕೊಂಡು ಏನೋ ರಿಪೇರಿ ಮಾಡ್ತಿದ್ರು ಮೇಡಂ, ಆಚೆ ಬರ್ಲಿಲ್ಲ" ಎಂದ. ಎರಡು ಸಲವೂ ಅದೇ ರಿಪೇರಿಯೇ?

ನಿನ್ನೆ ಅಂಚೆಯಲ್ಲಿ ಈರೇಶನ ಕಾಗದ ಬಂತು. 14ರಂದು ನಿಮ್ಮ ಗಾಡಿಯಲ್ಲಿ ಅವಳಿ ಹೆರಿಗೆ ಆಯಿತಂತೆ, ಎರಡನೆಯ ಮಗು ಕಷ್ಟದಲ್ಲಿದೆಯಂತೆ. ಒಂದು ಕೇಸಿಗೆ ಎರಡು ಕಾಗದ ಎಂಬುದು ನಿಯಮ. ನಿಮ್ಮದು ಎಲ್ಲಿ? ನಾಡಿದ್ದು ಪೀಣ್ಯಕ್ಕೆ ಬರುತ್ತೀರಷ್ಟೇ?

ಪಂಕಜಾ


ಮಾಕಳಿ
1 ಏಪ್ರಿಲ್ 2025

ಪಂಕಜಾ ಮೇಡಂ ಅವರಿಗೆ,

27ಕ್ಕೆ ಬರಲಾಗಲಿಲ್ಲ, ಡ್ಯೂಟಿ ಇತ್ತು. ಕೇಸಿನ ವಿವರ ಬರೆಯುತ್ತಿದ್ದೇನೆ.

14 ಮಾರ್ಚ್, ಶುಕ್ರವಾರ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಕರೆ. ತಾಯಿ ರುಕ್ಮವ್ವ, ಇಪ್ಪತ್ತಮೂರು ವರ್ಷ. ಗಂಡ ಮಲಕಪ್ಪ, ಹೊಸ ಗೋಡೌನು ಕಟ್ಟುವ ಕಡೆ ಗಾರೆ ಕೆಲಸ. ಯಾದಗಿರಿ ಕಡೆಯವರು, ಬಂದು ಆರು ವಾರ. ಕಾರ್ಡು ಕೇಳಿದಾಗ ಮಲಕಪ್ಪ, "ಊರಾಗ ಟ್ರಂಕಿನ್ಯಾಗ ಐತ್ರೀ ಸಾಹೇಬ್ರ" ಎಂದ. ಎಂಟು ತಿಂಗಳು ತುಂಬಿತ್ತಂತೆ. ಒಂದೇ ಮಗುವೆಂದೇ ಅವರೂ ತಿಳಿದಿದ್ದರು.

ಒಂದೂವರೆ ಕಿಲೋಮೀಟರ್ ಬರುವಷ್ಟರಲ್ಲಿ ತಲೆ ಕಂಡಿತು. ಗಾಡಿ ಪಕ್ಕಕ್ಕೆ ಹಾಕಿದೆ. ಹಿಂದೆ ಲಾರಿಯವರು ಹಾರನ್ ಹೊಡೆಯುತ್ತಿದ್ದರು, ಅವರನ್ನು ಸುಧಾರಿಸುತ್ತ ನಾನು ಮುಂದುಗಡೆಯೇ ಇದ್ದೆ. ಹಿಂದೆ ಆದದ್ದೆಲ್ಲ ಈರೇಶನ ಕೈಯಲ್ಲಿ ಆದದ್ದು. ಮೊದಲನೆಯದು ಗಂಡು, ಚೆನ್ನಾಗಿ ಅತ್ತಿತು. ಈರೇಶ್ ಸೂಜಿ ಕೊಟ್ಟ. ಆಮೇಲೆ ಹೊಟ್ಟೆ ಮುಟ್ಟಿದ. ಅವನು ಬಾಯಿ ಬಿಡುವ ಮೊದಲೇ ರುಕ್ಮವ್ವ ಹೇಳಿದಳು, "ಯಣ್ಣಾ, ಒಳಗ ಇನ್ನೂ ಒದೀತೈತ್ರೀ."

ಎರಡನೆಯದು ಹೆಣ್ಣು. ಹೊರಗೆ ಬರಲು ಹತ್ತೊಂಬತ್ತು ನಿಮಿಷ ಹಿಡಿಯಿತು. ನೀಲಿಯಾಗಿತ್ತು, ಅಳಲಿಲ್ಲ. ಈರೇಶ್ ಪುಟ್ಟ ಮಾಸ್ಕು ಹಿಡಿದು ಬ್ಯಾಗು ಒತ್ತುತ್ತಲೇ ಇದ್ದ, ಆಸ್ಪತ್ರೆಯ ಬಾಗಿಲವರೆಗೂ. ನಾನು ಓಡಿಸಿದೆ. ತಾಯಿ ಕ್ಷೇಮ. ಮೊದಲ ಮಗು ಕ್ಷೇಮ.

ಇದರಲ್ಲಿ ನನ್ನದೇನೂ ಹೆಚ್ಚುಗಾರಿಕೆ ಇಲ್ಲ ಮೇಡಂ. ನಾನು ಬರೀ ಡ್ರೈವರ್.

ಮುನಿಕೃಷ್ಣ


ಸಿಂಗಸಂದ್ರ
8 ಏಪ್ರಿಲ್ 2025

ಮುನಿಕೃಷ್ಣ ಅವರೇ,

ನಿಮ್ಮ ಕಾಗದದಲ್ಲಿ ನೀವು ನಿಮ್ಮನ್ನು ತೀರ ಸಣ್ಣವರನ್ನಾಗಿ ಮಾಡಿಕೊಂಡಿದ್ದೀರಿ. ಲಾರಿಗಳ ನಡುವೆ ಗಾಡಿ ಕಾದದ್ದು ನೀವು; ಆ ಮಗುವನ್ನು ಹನ್ನೆರಡು ನಿಮಿಷದಲ್ಲಿ ಮುಟ್ಟಿಸಿದ್ದು ನೀವೇ ಎಂದು ಆಸ್ಪತ್ರೆಯವರು ಹೇಳಿದರು. ಆದರೆ ಹಿಂದೆ ಹೋಗಿ ನಿಲ್ಲಬೇಕಿತ್ತು. ನೀವು ಪಕ್ಕದಲ್ಲಿದ್ದಿದ್ದರೆ ಸರಿಯಾದ ಸಾಲನ್ನು ಅವನಿಗೆ ನೆನಪಿಸುತ್ತಿದ್ದಿರಿ.

ಭಾನುವಾರ ಆ ಮಗುವನ್ನು ನೋಡಿಬಂದೆ. ಉಸಿರಿನ ಪೈಪು ತೆಗೆದಿದ್ದಾರೆ. ಮೂಗಿನ ನಳಿಕೆಯಲ್ಲಿ ಹಾಲು. ಎರಡು ಸಲ ಫಿಟ್ಸ್ ಬಂದಿದೆ. ಮುಂದೆ ಹೇಗೋ ಈಗಲೇ ಹೇಳಲಾಗದು ಎನ್ನುತ್ತಾರೆ ಡಾಕ್ಟರು. ರುಕ್ಮವ್ವ ಗಾಜಿನ ಆಚೆ ಗಂಡು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಇದು ಕುಡೀತೈತ್ರೀ, ಅದಕ್ಕೂ ಹಾಲು ಇಟ್ಟೀನಿ" ಎಂದಳು.

ಈರೇಶನನ್ನು ಸದ್ಯ ಕೆಲಸದಿಂದ ಹೊರಗಿಟ್ಟಿದ್ದಾರೆ, ನಿಮಗೆ ಗೊತ್ತೇ ಇದೆ. ಶುಕ್ರವಾರ 11ಕ್ಕೆ ವಿಚಾರಣೆ. ಅವನಿಗೆ ತರಬೇತಿ ಕೊಟ್ಟವಳು ಎಂದು ನನ್ನ ಅಭಿಪ್ರಾಯ ಕೇಳಿದ್ದಾರೆ. ಅವನ ಕಾಗದ ಮುಂದಿಟ್ಟುಕೊಂಡು ಕೂತಿದ್ದೇನೆ. "ಮೇಡಂರೀ, ತಪ್ಪು ನಂದೈತ್ರಿ. ಸೂಜಿ ಮೊದಲ ಕೊಟ್ಟೆ. ಯಾರ ಮ್ಯಾಲೂ ಹಾಕೂದಿಲ್ಲ" ಎಂದು ಬರೆದಿದ್ದಾನೆ. ಯಾಕೆ ಮೊದಲು ಕೊಟ್ಟ ಎಂಬ ಬಗ್ಗೆ ಒಂದಕ್ಷರ ಇಲ್ಲ. ತಿದ್ದಿದ ಪದ್ಯ ಹತ್ತು ದಿನ ಮೊದಲೇ ಅವನ ಫೋನಿನಲ್ಲಿತ್ತು, ತೆರೆದು ಓದುವಷ್ಟೂ ಶ್ರದ್ಧೆ ಇರಲಿಲ್ಲವೆಂದಾಯಿತು. ಇಂಥವನ ಕೈಗೆ ಇನ್ನೊಬ್ಬ ತಾಯಿಯನ್ನು ಕೊಡಬಾರದು ಎಂದು ಬರೆಯಲಿದ್ದೇನೆ. ಬರೆಯಲು ಸಂಕಟ, ಆದರೆ ಬರೆಯುತ್ತೇನೆ. ಗುರುವಾರ ಸಂಜೆಯೊಳಗೆ ಕಳಿಸಬೇಕು.

ನಿಮಗೆ ಬೇರೇನಾದರೂ ಗೊತ್ತಿದ್ದರೆ ಹೇಳಿ.

ಪಂಕಜಾ


ಗುರುವಾರ, 10 ಏಪ್ರಿಲ್ 2025

ಪಂಕಜಾ ಮೇಡಂ ಅವರಿಗೆ,

ಚಿಕ್ಕಬೈರಪ್ಪನ ಮಂಗಳವಾರಕ್ಕೆ ಕಾಯುವಂತಿಲ್ಲ. ಬೆಳಿಗ್ಗೆಯೇ ರಜೆ ಹಾಕಿ ಬಸ್ಸಿನಲ್ಲಿ ಬರುತ್ತಿದ್ದೇನೆ. ಮಡಿಲ ಮೇಲೆ ಇಟ್ಟುಕೊಂಡು ಬರೆಯುತ್ತಿರುವುದರಿಂದ ಅಕ್ಷರ ಕುಣಿಯುತ್ತವೆ, ಕ್ಷಮಿಸಿ. ನೀವು ಅಭಿಪ್ರಾಯ ಕಳಿಸುವ ಮೊದಲು ಇದು ನಿಮ್ಮ ಗೇಟು ಮುಟ್ಟಬೇಕು.

ಈರೇಶನ ಬಗ್ಗೆ ಎರಡು ಮಾತು. ಮೂರು ವರ್ಷದಿಂದ ಒಂದೇ ಗಾಡಿಯಲ್ಲಿದ್ದೇವೆ. ಒಂದು ದಿನ ತಡವಾಗಿ ಬಂದವನಲ್ಲ. ರೋಗಿ ಇಳಿದ ಮೇಲೆ ಸ್ಟ್ರೆಚರಿನ ಕೆಳಗೂ ಒರೆಸುವವನು. ನಡತೆಯಲ್ಲಿ ನಯ, ಕೆಲಸದಲ್ಲಿ ಭಯ, ಸಣ್ಣ ವಯಸ್ಸಿನಲ್ಲಿ ದೊಡ್ಡವರ ದಯ... ಇಲ್ಲ. ಇದೇ ಧಾಟಿಯಲ್ಲಿ ಯಶವಂತಪುರದಿಂದ ಎರಡು ಹಾಳೆ ಬರೆದು ಕಿಟಕಿಯಿಂದ ಆಚೆ ಹಾಕಿದೆ. ಪಕ್ಕದ ಸೀಟಿನವರು "ಏನ್ ಸಾರ್, ಲವ್ ಲೆಟ್ರಾ?" ಅಂದರು.

ಅವನಿಗೊಂದು ಅವಕಾಶ ಕೊಡಿ ಎಂದು ಕೇಳಿ ಕಾಗದ ಮುಗಿಸೋಣವೆಂದೇ ಬಸ್ಸು ಹತ್ತಿದ್ದು. ಮಡಿವಾಳದಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಪಕ್ಕದ ಸಾಲಿನಲ್ಲಿ ಒಂದು ಆಂಬುಲೆನ್ಸ್ ಸಿಕ್ಕಿಕೊಂಡು ಕೂಗುತ್ತಿತ್ತು. ಒಳಗೆ ಯಾರಿದ್ದರೋ. ಅದರ ಡ್ರೈವರ್ ನನ್ನ ಕಡೆ ನೋಡಿದ.

ಮೇಡಂ, ನಾನು ಮುಂದುಗಡೆ ಇರಲಿಲ್ಲ.

ಹಿಂದಿನ ಬಾಗಿಲಲ್ಲಿ, ನೀವು ಕಲಿಸಿದ ಹಾಗೆ ಟವೆಲ್ ಹಿಡಿದು ನಿಂತಿದ್ದೆ. ಗಂಡು ಮಗು ಬಂತು. ಈರೇಶ್ ಅದನ್ನು ಒರೆಸಿ ತಾಯಿಯ ಎದೆಗೆ ಕೊಟ್ಟ. ಅವನು ಹೊಟ್ಟೆಯ ಮೇಲೆ ಕೈ ಇಡಲು ಹೋದ. ಇಟ್ಟಿದ್ದ ಕೂಡ. ಮತ್ತೆ ಅನುಮಾನ ಬಂದು ತೆಗೆದ. "ಅಣ್ಣಾ, ಮುಂದಿಂದೇನೈತಿ? ಲಗೂನ ಹೇಳಣ್ಣಾ" ಎಂದ. ನಾನು ಹೇಳಿದೆ. ರಾಗವಾಗಿ ಹೇಳಿದೆ. ಸೂಜಿಯ ಚುಚ್ಚು, ಆಮೇಲೆ ಹೊಟ್ಟೆ ಮುಟ್ಟು. ಅವನು ನಂಬಿ ಹಾಗೇ ಮಾಡಿದ.

ಆಸ್ಪತ್ರೆಯ ಹೊರಗೆ ಅವನೇ ನನ್ನ ಭುಜ ಹಿಡಿದು, "ನಾ ಹೇಳಂಗಿಲ್ಲಣ್ಣಾ. ನಿನಗ ಮನ್ಯಾಗ ಎರಡು ಹೆಣ್ಣುಮಕ್ಕಳು ಓದಾಕತ್ತಾವು" ಎಂದ. ನಾನು ಬೇಡ ಎನ್ನಲಿಲ್ಲ. ಟೀ ಕುಡಿಯೋಣ ಬಾ ಎಂದೆ.

ತಿದ್ದಿದ ಪದ್ಯ ಅವನ ಫೋನಿನಲ್ಲಿ ಇರಲಿಲ್ಲ. ಯಾರ ಫೋನಿನಲ್ಲೂ ಇರಲಿಲ್ಲ. ನಾನು ಕಳಿಸಲೇ ಇಲ್ಲ. ಹಳೆಯದು ಇವತ್ತು ಬೆಳಿಗ್ಗೆಯವರೆಗೂ ಹನ್ನೊಂದು ಗಾಡಿಯಲ್ಲೂ ಇತ್ತು. ಬಸ್ಸು ಹತ್ತುವ ಮೊದಲು ಒಬ್ಬೊಬ್ಬರಿಗೂ ಫೋನ್ ಮಾಡಿ ಕೀಳಿಸಿದ್ದೇನೆ, ನಿಮ್ಮ ಎರಡು ಸಾಲನ್ನು ಬಾಯಲ್ಲಿ ಹೇಳಿಸಿದ್ದೇನೆ. ನಾಳೆ ವಿಚಾರಣೆಯಲ್ಲಿ ಇದನ್ನೇ ಹೇಳುತ್ತೇನೆ. ಈರೇಶನ ಬಗ್ಗೆ ನೀವು ಬರೆದದ್ದನ್ನು ಹರಿದುಹಾಕಿ.

ಕೆಲಸ ಜಾಸ್ತಿಯಿತ್ತು, ಮರೆತೆ ಎಂದು ಬರೆಯಬಹುದು. ಮರೆತಿರಲಿಲ್ಲ. ಫೆಬ್ರವರಿ 25ರ ಸಂಜೆ ನಿಮ್ಮ ಕಾಗದ ಓದಿ, ಗ್ರೂಪ್ ತೆರೆದು, ಆ ಎರಡು ಸಾಲು ಟೈಪ್ ಕೂಡ ಮಾಡಿದ್ದೆ. ಆಮೇಲೆ ಒಂದೊಂದೇ ಅಕ್ಷರ ಅಳಿಸಿದೆ. ಅದು ನನ್ನದಕ್ಕಿಂತ ಚೆನ್ನಾಗಿತ್ತು ಮೇಡಂ. ಅದಕ್ಕೇ ಕಳಿಸಲಿಲ್ಲ.